ಆಟಕ್ಕುಂಟು, ಚಾಪೆಗಿಲ್ಲ

ಬಳಗಾನೂರಿನ ಅಗಸಿ ಓಣಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಸಿದ್ದಲಿಂಗೇಶನಿಗೆ ಐವತ್ತು ದಾಟಿದೆ. ಆದರೆ ತಲೆಗೂದಲು ನೆರೆತಿದೆಯೋ ಇಲ್ಲವೋ ಓಣಿಯಲ್ಲಿ ಯಾರಿಗೂ ಗೊತ್ತಿಲ್ಲ. ಬೆಳಿಗ್ಗೆ ಗಿರಣಿ ಶುರುವಾದ ಸ್ವಲ್ಪ ಹೊತ್ತಿಗೆ ತಲೆ, ಹುಬ್ಬು, ಮೀಸೆ, ಕಿವಿಯ ಮೇಲಿನ ರೋಮ ಎಲ್ಲವೂ ಜೋಳದ ಹಿಟ್ಟಿನ ಬಣ್ಣಕ್ಕೆ ತಿರುಗುತ್ತವೆ. ಸಂಜೆ ಮೈ ತೊಳೆದು ಹೊರಬರುವಷ್ಟರಲ್ಲಿ ಕತ್ತಲಾಗಿರುತ್ತದೆ. ಹೀಗಾಗಿ ಅವನ ವಯಸ್ಸು ಊರಿನವರ ಕಣ್ಣಲ್ಲಿ ಎಂದೋ ನಿಂತುಹೋಗಿದೆ. ಮದುವೆಯ ಮಾತೂ ಹಾಗೆಯೇ ನಿಂತಿತು. ಹರೆಯದಲ್ಲಿ ಹೆಣ್ಣು ನೋಡಲೆಂದು ಸಿಂಧನೂರು, ಸಾಲಗುಂದ, ಸಂತೆಕಲ್ಲೂರು ಸುತ್ತಿ, ಹೋದಲ್ಲೆಲ್ಲ ಉಪ್ಪಿಟ್ಟು ತಿಂದು ಬಂದ. ಕೆಲವು ಕಡೆ ಉಪ್ಪಿಟ್ಟು ಇವನಿಗೆ ಸೇರಲಿಲ್ಲ, ಉಳಿದ ಕಡೆ ಇವನು ಅವರಿಗೆ ಸೇರಲಿಲ್ಲ. ಬೀಸುವ ದೊಣ್ಣೆಯಿಂದ ತಪ್ಪಿಸಿಕೊಂಡವನು ಬೀಸುವ ಕಲ್ಲಿಗೆ ಗಂಟುಬಿದ್ದ ಎಂದು ಎದುರಿನ ಚಹಾ ಹೋಟೆಲಿನ ದಸ್ತಗೀರ್‌ಸಾಬ್ ಇವತ್ತಿಗೂ ಹೇಳುತ್ತಾನೆ. ಹೇಳಿ, ಬೇರೆಯವರು ನಗುವ ತನಕ ಕಾಯದೆ ತಾನೇ ನಗುತ್ತಾನೆ.

ಗಿರಣಿಯ ಸದ್ದಿನಲ್ಲಿ ಮಾತಿಗೆ ಜಾಗವಿಲ್ಲ. ಕಾಳು ತಂದವರು ಸನ್ನೆ ಮಾಡುತ್ತಾರೆ: ಬೆರಳಿಗೆ ಬೆರಳು ತಿಕ್ಕಿದರೆ ನುಣ್ಣಗೆ, ಅಂಗೈ ಅಲ್ಲಾಡಿಸಿದರೆ ತರಿತರಿ. ಸಂಜೆ ಮೋಟಾರು ನಿಂತು, ಓಣಿಯೆಲ್ಲ ಬಾಯಿಬಿಡುವ ಹೊತ್ತಿಗೆ ಸಿದ್ದಲಿಂಗೇಶ ಗಿರಣಿಯ ಹಿಂದಿನ ಎರಡು ಕೋಣೆಯ ಮನೆಯಲ್ಲಿ ಒಬ್ಬನೇ ಕೂತಿರುತ್ತಾನೆ. ಬಳಗಾನೂರಿನಲ್ಲಿ ಹುಟ್ಟಿಯೂ ಬಳಗವಿಲ್ಲದವ. ಇದ್ದ ಬಳಗವೆಂದರೆ ಒಬ್ಬಳೇ ತಂಗಿ, ಶಿವಕುಮಾರಿ. ಲಿಂಗಸುಗೂರಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ದೊಡ್ಡಬಸಪ್ಪನ ಹೆಂಡತಿ. ಆ ತಂಗಿಯೂ ಕಳೆದ ಶ್ರಾವಣದಿಂದ ಅವನೊಡನೆ ಮಾತು ಬಿಟ್ಟಿದ್ದಳು.

ತಪ್ಪು ಸಿದ್ದಲಿಂಗೇಶನದೇ. ಈ ಸೀಮೆಯಲ್ಲಿ ನಾಗರಪಂಚಮಿ ನಾಗಪ್ಪನಿಗಿಂತ ಹೆಚ್ಚಾಗಿ ಹೆಣ್ಣುಮಕ್ಕಳ ಹಬ್ಬ. ಕೊಟ್ಟ ಮನೆಯಿಂದ ತವರಿಗೆ ಬರಬೇಕು, ಜೋಕಾಲಿ ಆಡಬೇಕು, ಉಂಡಿ ಕಟ್ಟಬೇಕು, ತಿನ್ನಬೇಕು. ಆದರೆ ತಾನಾಗಿ ಬರುವಂತಿಲ್ಲ. ಅಣ್ಣನೋ ತಮ್ಮನೋ ಅವಳ ಗಂಡನ ಮನೆಗೆ ಹೋಗಿ, ಹೊಸ್ತಿಲು ದಾಟಿ ಒಳಗೆ ಕೂತು, ಕೊಟ್ಟ ನೀರು ಕುಡಿದು, ಅತ್ತೆಯ ಎದುರಿಗೆ ‘ಪಂಚಮಿಗೆ ಕಳಿಸಿಕೊಡ್ರಿ’ ಎಂದು ಬಾಯಿಬಿಟ್ಟು ಕೇಳಬೇಕು. ಹಾಗೆ ಕರೆಯಲು ಒಬ್ಬ ಬರುತ್ತಾನೆ ಎಂಬುದೇ ಅವಳ ವರ್ಷದ ದೊಡ್ಡಸ್ತಿಕೆ, ಉಂಡಿ ಆಮೇಲಿನದು. ತಾಯಿ ಅಂಬಮ್ಮ ಬದುಕಿರುವವರೆಗೆ ಆಷಾಢ ಮುಗಿಯುವ ಮೊದಲೇ ಸಿದ್ದಲಿಂಗೇಶನ ಬೆನ್ನು ಹತ್ತಿ ಬಸ್ಸು ಹತ್ತಿಸುತ್ತಿದ್ದಳು. ಅವಳು ತೀರಿಕೊಂಡ ವರ್ಷ ಹಬ್ಬವೇ ಇರಲಿಲ್ಲ. ಅದರ ಮರುವರ್ಷ, ಅಂದರೆ ಕಳೆದ ಶ್ರಾವಣದಲ್ಲಿ, ಕರೆಯುವ ಜವಾಬ್ದಾರಿ ಮೊದಲ ಸಲ ಪೂರ್ತಿಯಾಗಿ ಇವನ ಮೇಲೆ ಬಿತ್ತು.

ಸಿದ್ದಲಿಂಗೇಶ ಮನೆಯನ್ನೊಮ್ಮೆ ನೋಡಿದ. ಉಂಡಿ ಕಟ್ಟುವ ಕೈಯಿಲ್ಲ, ಒಲೆಯ ಮುಂದೆ ಹೆಣ್ಣು ಜೀವವಿಲ್ಲ. ತಂಗಿ ಬಂದರೆ ಅವಳೇ ಕಸ ಹೊಡೆದು, ಅವಳೇ ಬೇಯಿಸಿ, ಅವಳೇ ಬಡಿಸಬೇಕು. ಯಾವ ಮುಖ ಇಟ್ಟುಕೊಂಡು ಅವಳ ಅತ್ತೆಯ ಎದುರು ಕೂರಲಿ ಎಂದುಕೊಂಡ. ನಾಳೆ ಹೋದರಾಯಿತು, ನಾಡಿದ್ದು ಹೋದರಾಯಿತು ಎಂದು ತಳ್ಳುತ್ತ ಬಂದು, ಹಬ್ಬ ಹತ್ತಿರವಾದಾಗ ಗೊಬ್ಬರದ ಅಂಗಡಿಯವರೂ ಇದ್ದ ‘ನಮ್ಮ ಬಳಗ’ ಎಂಬ ವಾಟ್ಸಾಪ್ ಗುಂಪಿಗೆ ಮಿನುಗುವ ನಾಗಪ್ಪನ ಚಿತ್ರ ಹಾಕಿ, ಕೆಳಗೆ ‘ಪಂಚಮಿ ಹಬ್ಬಕ್ಕೆ ಎಲ್ಲರೂ ತಪ್ಪದೇ ಬನ್ನಿ’ ಎಂದು ಬರೆದ. ಎಲ್ಲರಲ್ಲಿ ಅವಳೂ ಬಂದಳಲ್ಲ ಎಂಬುದು ಅವನ ಲೆಕ್ಕ.

ಅವಳು ಬರಲಿಲ್ಲ. ‘ಶಿವಕುಮಾರಿ ಹೊರಹೋಗಿದ್ದಾರೆ’ ಎಂಬ ಬೂದುಬಣ್ಣದ ಸಣ್ಣ ಸಾಲು ಬಂತು. ಬದಲಿಗೆ ಮಸ್ಕಿಯಿಂದ ದೂರದ ಸಂಬಂಧಿಯೊಬ್ಬ ಆ ಕರೆಯನ್ನು ನಿಜವೆಂದೇ ನಂಬಿ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹಬ್ಬದ ದಿನ ಇಳಿದ. ದಸ್ತಗೀರ್‌ಸಾಬನ ಹೋಟೆಲಿನಿಂದ ಮಂಡಾಳ ಒಗ್ಗರಣೆ, ಅಂದರೆ ಒಗ್ಗರಿಸಿದ ಮಂಡಕ್ಕಿ, ತರಿಸಿ ಬಡಿಸಿದ್ದಾಯಿತು. ಹೋಗುವಾಗ ಆತ, “ಇಷ್ಟ್ ಪ್ರೀತಿಲೆ ಯಾರು ಕರೀತಾರ ಈ ಕಾಲದಾಗ,” ಎಂದು ಸಿದ್ದಲಿಂಗೇಶನ ಕೈ ಹಿಡಿದು ಕಣ್ಣು ಒದ್ದೆ ಮಾಡಿಕೊಂಡ.

ತಂಗಿಯ ಮಾತು ನಾಲ್ಕು ಬಾಯಿ ದಾಟಿ ಇವನ ಕಿವಿಗೆ ಬಿತ್ತು: “ಗೊಬ್ಬರದ ಅಂಗಡಿಯವರಿಗೂ ಅದ ಚೀಟಿ, ಒಡಹುಟ್ಟಿದಾಕಿಗೂ ಅದ ಚೀಟಿ. ನಾ ಏನು ಊರವರಾಗ ಒಬ್ಬಾಕೀನ?”

ಆಗಲೇ ಬಸ್ಸು ಹತ್ತಿದ್ದರೆ ಮುಗಿಯುತ್ತಿತ್ತು. ಆದರೆ ತಪ್ಪಿತಸ್ಥನಿಗೆ ದಾರಿ ದಿನಕ್ಕಿಷ್ಟು ಉದ್ದವಾಗುತ್ತ ಹೋಗುತ್ತದೆ. ಶ್ರಾವಣದಲ್ಲಿ ಲಿಂಗಸುಗೂರು ಮಸ್ಕಿಯ ಆಚೆಗಿತ್ತು. ಗಣೇಶನನ್ನು ನೀರಿಗೆ ಬಿಡುವ ಹೊತ್ತಿಗೆ ಕಾಶಿಯ ಆಚೆಗೆ ಹೋಗಿತ್ತು.

ದಸರೆ ಕಳೆದ ಮೇಲೆ ಒಂದು ಸಂಜೆ ಅವನ ಫೋನು ಮಿಣುಕಿತು. ಹಿಂದೊಮ್ಮೆ ಬಂದಾಗ ಸೊಸೆ ಭಾಗ್ಯಶ್ರೀ, ಶಿವಕುಮಾರಿಯ ಮಗಳು, ಮಾಮನ ಫೋನಿನಲ್ಲಿ ಲೂಡೋ ಆಟ ಹಾಕಿಕೊಟ್ಟಿದ್ದಳು. ‘ಭಾಗ್ಯ ಅವ್ವ ನಿಮ್ಮನ್ನು ಆಟಕ್ಕೆ ಕರೆಯುತ್ತಿದ್ದಾರೆ’ ಎಂದು ಪರದೆಯ ಮೇಲೆ ಬರೆದಿತ್ತು. ಭಾಗ್ಯ ಅವ್ವ ಎಂದರೆ ತಂಗಿಯೇ. ಅಣ್ಣ ತಂಗಿಯನ್ನು ಕರೆಯಬೇಕಾದಲ್ಲಿ ತಂಗಿ ಅಣ್ಣನನ್ನು ಕರೆದಿದ್ದಳು. ಸಿದ್ದಲಿಂಗೇಶ ಹಿಟ್ಟಿನ ಬೆರಳನ್ನು ಅಂಗಿಗೆ ಒರೆಸಿಕೊಂಡು ಒತ್ತಿದ.

ಅಂದಿನಿಂದ ಪ್ರತಿ ಸಂಜೆ ಏಳಕ್ಕೆ ಒಂದು ಆಟ. ಅವಳದು ಕೆಂಪು, ಇವನದು ಹಳದಿ. ಆಟದ ನಡುವೆ ಹೂವು, ನಗುಮುಖ, ಸಿಟ್ಟಿನ ಮುಖ ಕಳಿಸುವ ಸೌಲಭ್ಯವಿದ್ದರೂ ಇಬ್ಬರೂ ಅದನ್ನು ಮುಟ್ಟಲಿಲ್ಲ. ಮೊದಲು ಮಾತಾಡಿದವರು ಸೋತಂತೆ ಎಂಬುದು ಯಾರೂ ಹೇಳದ ನಿಯಮ. ಚಿಕ್ಕಂದಿನಲ್ಲಿ ಇದೇ ಮನೆಯ ಬಂಡೆಯ ಮೇಲೆ ಸುಣ್ಣದಕಡ್ಡಿಯಲ್ಲಿ ಚೌಕಾಬಾರ ಬರೆದು ಆಡುವಾಗ ಅವಳು ಹೇಗಿದ್ದಳೋ ಈಗಲೂ ಹಾಗೇ ಇದ್ದಳು: ಕಾಯಿ ಹಣ್ಣಾಗಿಸುವುದಕ್ಕಿಂತ ಅಣ್ಣನ ಕಾಯಿ ಹೊಡೆಯುವುದರಲ್ಲೇ ಆಸಕ್ತಿ. ಅವಳು ಆಡುವ ರೀತಿಯಿಂದಲೇ ಸಿದ್ದಲಿಂಗೇಶ ಲಿಂಗಸುಗೂರಿನ ಹವಾಮಾನ ಓದತೊಡಗಿದ. ಪಟಪಟ ಆಡಿದರೆ ಇನ್ನೂ ಸಿಟ್ಟು. ತನ್ನ ಪಾಳಿಯಲ್ಲಿ ಬಹಳ ಹೊತ್ತು ಸುಮ್ಮನಿದ್ದರೆ ಬೇಕೆಂತಲೇ ಕಾಯಿಸುವ ಸೊಕ್ಕು. ಒಂದು ಸಂಜೆ ಮಾತ್ರ ಕೈಗೆ ಸಿಕ್ಕ ಹಳದಿ ಕಾಯಿಯನ್ನು ಹೊಡೆಯದೆ ಬಿಟ್ಟಳು. ಅದು ತಾಯಿಯ ತಿಥಿಯ ದಿನವಾಗಿತ್ತು. ಅವತ್ತು ಸಿದ್ದಲಿಂಗೇಶ ಗೆದ್ದ. ಗೆದ್ದು, ಊಟ ಮಾಡದೆ ಮಲಗಿದ.

ಹೀಗಿರುವಾಗ ಉಮಾದೇವಿ ಟೀಚರ್ ಓಣಿಗೆ ಜ್ಞಾನೋದಯ ಮಾಡಿಸಿದರು.

ಹೈಸ್ಕೂಲಿನ ಗಣಿತದ ಟೀಚರ್ ಅವರು. ಅದೇ ಓಣಿಯಲ್ಲಿ ಮನೆ. ಸಂಕ್ರಾಂತಿ ಮುಗಿದ ವಾರ ಊರಬಾಗಿಲಾದ ಅಗಸಿಯ ಕಟ್ಟೆಗೆ ಎಲ್ಲರನ್ನೂ ಸೇರಿಸಿದರು.

“ನೋಡ್ರಿ, ಮಾರ್ಚಿನಾಗ ಪರೀಕ್ಷಾ. ಹುಡುಗರು ಮೊಬೈಲ್ ಬಿಡವಲ್ವು ಅಂತೀರಿ. ನೀವು ಬಿಟ್ಟೀರೇನು? ನಿನ್ನೆ ನಾ ಒಬ್ಬರ ಮನಿಗೆ ಹೋಗಿದ್ದೆ. ಗಂಡ ಒಂದು ಮೂಲ್ಯಾಗ, ಹೆಂಡ್ತಿ ಒಂದು ಮೂಲ್ಯಾಗ, ಮಗ ಮಾಳಿಗಿ ಮ್ಯಾಲ. ಊಟಕ್ಕ ಬಾ ಅಂತ ಮಗನಿಗೆ ಮೆಸೇಜ್ ಹಾಕಾಕತ್ತಿದ್ರು.”

“ಯಾರ ಮನೀರೀ ಟೀಚರ್?” ಎಂದಳು ಗಾಳೆಮ್ಮ. ಓಣಿಯ ಹಿರಿಯಳು, ರೊಟ್ಟಿ ಬಡಿದು ಮಾರಿ ಜೀವನ ಮಾಡುವವಳು, ಯಾರ ಮನೆಯ ಸುದ್ದಿಯೂ ಅವಳ ಹಂಚು ತಪ್ಪಿಸಿಕೊಂಡು ಹೋಗುವಂತಿಲ್ಲ.

“ಯಾರದಾರ ಆಗ್ಲಿ ಬಿಡಬೇ. ಎಲ್ಲಾರ ಮನೀನೂ ಅದ.”

ಹೀಗೆ ತೀರ್ಮಾನವಾಯಿತು. ಸಂಜೆ ಏಳರಿಂದ ಎಂಟೂವರೆಯವರೆಗೆ ಅಗಸಿ ಓಣಿಯಲ್ಲಿ ಮೊಬೈಲ್ ಬಂದ್, ಟೀವಿ ಬಂದ್. ಮೊಬೈಲ್ ಬಂದ್ ಆದರೆ ಬಂಧುಗಳು ಬಂದಾರು ಎಂದು ಯಾರೋ ಹೇಳಿದ್ದಕ್ಕೆ ಚಪ್ಪಾಳೆಯೂ ಬಿತ್ತು. ಓದುವ ಹುಡುಗರು ಓದಬೇಕು. ಉಳಿದವರು ಮನೆಗೊಂದು ಚಾಪೆ ತಂದು ಓಣಿಯಲ್ಲಿ ಹಾಸಿ, ಮನೆಮಂದಿಯೆಲ್ಲ ಕೂತು ಆಡಬೇಕು, ಮಾತಾಡಬೇಕು, ಶೇಂಗಾ ಸುಲಿಯಬೇಕು, ಏನಾದರೂ ಮಾಡಬೇಕು. ಸಿಕ್ಕಿಬಿದ್ದವರಿಗೆ ದಂಡ: ಓಣಿಗೆಲ್ಲ ಒಗ್ಗರಣೆ ಮಿರ್ಚಿ.

ಏಳಾಯಿತೆಂದು ತಿಳಿಸುವುದು ಹೇಗೆ ಎಂಬ ಪ್ರಶ್ನೆ ಎದ್ದಿತು.

“ಗುಡಿ ಗಂಟಿ ಹೊಡದ್ರ ಪೂಜಾ ಅನ್ಕೋತಾರ, ಮಸೂತಿ ಮೈಕಿನಾಗ ಒದರಿದ್ರ ನಮಾಜ್ ಅನ್ಕೋತಾರ,” ಎಂದ ದಸ್ತಗೀರ್‌ಸಾಬ್. “ಯಾವ ದೇವರಿಗೂ ಸೇರದ್ದು ಅಂದ್ರ ನಮ್ಮ ಸಿದ್ದನ ಭೋಂಗಾ ಒಂದ.”

ತ್ರೀಫೇಸ್ ಕರೆಂಟು ಬಂದಾಗ ‘ಗಿರಣಿ ಶುರು’ ಎಂದು ಊರಿಗೆ ಸಾರಲು ಸಿದ್ದಲಿಂಗೇಶ ಮಾಳಿಗೆಯ ಮೇಲೆ ಒಂದು ಭೋಂಗಾ ಕೂರಿಸಿದ್ದ. ಗುಂಡಿ ಒತ್ತಿದರೆ ಎರಡು ಹೊಲದಾಚೆಯ ಎತ್ತು ತಲೆಯೆತ್ತಬೇಕು, ಅಂಥ ಗಂಟಲು.

“ಹೌದೌದು,” ಎಂದಳು ಗಾಳೆಮ್ಮ. “ತಮ್ಮಾ, ನಿನಗೇನು ಹೆಂಡ್ತಿಲ್ಲ, ಮಕ್ಕಳಿಲ್ಲ. ಏಳಕ್ಕ ನಿನಗ್ಯಾವ ಕೆಲಸ? ನೀನ ಒತ್ತು.”

ಏಳಕ್ಕೆ ತನಗೆ ಯಾವ ಕೆಲಸ ಎಂಬುದನ್ನು ಸಿದ್ದಲಿಂಗೇಶ ಹೇಗೆ ಹೇಳಬೇಕು? ತಂಗಿಯೊಡನೆ ಲೂಡೋ ಆಡಬೇಕು ಎಂದರೆ, ಫೋನು ಹಚ್ಚಿ ಮಾತಾಡಬಾರದೇನು ಎನ್ನುತ್ತಾರೆ. ಮಾತಿಲ್ಲ ಎಂದರೆ, ಯಾಕಿಲ್ಲ ಎನ್ನುತ್ತಾರೆ. ಬೆಲ್ಲಕ್ಕೆ ಇರುವೆ ಮುತ್ತಿದಂತೆ ಓಣಿ ಮುತ್ತಿಕೊಳ್ಳುತ್ತದೆ. “ಆತು ಬಿಡ್ರಿ,” ಎಂದ.

ಮೊದಲ ಸಂಜೆ ಭೋಂಗಾ ಕೂಗಿದ್ದೇ ತಡ, ಒಳಗಿದ್ದವರೆಲ್ಲ ಹೊರಗೆ ಬಂದರು. ಬಂದವರಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಮದುವೆಮನೆಯಲ್ಲಿ ಗುರುತಿಲ್ಲದವರ ಪಕ್ಕ ಕೂತವರಂತೆ ಗಂಡಹೆಂಡಿರು ತಮ್ಮತಮ್ಮ ಚಾಪೆಯಲ್ಲಿ ಕೂತರು. ಒಬ್ಬ, “ಕನ್ನಡಕ ಯಾವಾಗ ಹಾಕ್ಕೊಂಡಿ?” ಎಂದು ಹೆಂಡತಿಯನ್ನು ಕೇಳಿದ. “ಹ್ವಾದ ವರ್ಷ. ರೊಕ್ಕ ನೀವ ಕೊಟ್ಟೀರಿ,” ಎಂದಳು ಅವಳು. ಮೂರು ನಾಲ್ಕು ದಿನದಲ್ಲಿ ಬಿಗಿ ಸಡಿಲಾಯಿತು. ಹುಣಸೆಬೀಜ ಒಡೆದು ಪಗಡೆಗೆ ದಾಳ ಮಾಡಿದರು. ಹುಡುಗಿಯರು ಗಜ್ಜುಗ ಹುಡುಕಿ ತಂದರು. ಅವರೆಬೇಳೆ ಹಿಸುಕುವವರ ಸುತ್ತ ಅತ್ತೆಸೊಸೆಯರ ಪುರಾಣ ಶುರುವಾಯಿತು. ಜಮೀಲಾಬೀ ಎಂಬ ಮುದುಕಿ ದಖ್ನಿ ಮತ್ತು ಕನ್ನಡ ಕಲಸಿ ಒಗಟು ಹೇಳತೊಡಗಿದಳು. “ಖಾತಾ ಖಾತಾ ದಿನಾ ತಿಂತದ, ಒಂದಿನಾನೂ ದಪ್ಪ ಆಗಿಲ್ಲ. ಬೋಲೋ, ಏನದು?” ಎಂದರೆ, ಮಕ್ಕಳೆಲ್ಲ, “ಗಿರಣಿ!” ಎಂದು ಕೂಗಿದವು. “ಗಿರಣಿ ಮಾಲಕನೂ ಹಂಗ ಅದಾನ,” ಎಂದು ಗಾಳೆಮ್ಮ ಸೇರಿಸಿದಳು. ಎಲ್ಲರ ಜೊತೆ ಸಿದ್ದಲಿಂಗೇಶನೂ ನಕ್ಕ.

ಅವನಿಗೆ ಚಾಪೆಯಿರಲಿಲ್ಲ. ಚಾಪೆ ಮನೆಗೊಂದು, ಮನೆಯೆಂದರೆ ಮಂದಿ. ಒಬ್ಬನೇ ಚಾಪೆ ಹಾಸಿದರೆ ಭಿಕ್ಷೆಗೆ ಕೂತಂತೆ ಕಾಣುತ್ತದೆ. ಭೋಂಗಾ ಒತ್ತಿ ಬಂದು ಗೋಡೆಗೆ ಒರಗಿ ನಿಲ್ಲುತ್ತಿದ್ದ. “ಬಾರೋ ಸಿದ್ದಣ್ಣ, ಒಂದು ಕೈ ಕಡಿಮಿ ಐತಿ,” ಎಂದು ಯಾವುದೋ ಚಾಪೆಯವರು ಕರೆಯುತ್ತಿದ್ದರು. ಕೂತು ಆಡುತ್ತಿದ್ದ. ಆ ಮನೆಯ ಮಗನೋ ಅಳಿಯನೋ ಬಂದೊಡನೆ ಎದ್ದು ಕೊಡುತ್ತಿದ್ದ. ಅವರು ಕೂರು ಎನ್ನುತ್ತಿದ್ದರು. ಅಷ್ಟರಲ್ಲಿ ಅವನು ಎದ್ದಾಗಿರುತ್ತಿತ್ತು. ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದು ಮಕ್ಕಳಿಗೆ ಹೇಳುವುದುಂಟು. ಸಿದ್ದಲಿಂಗೇಶ ಆಟಕ್ಕೂ ಇದ್ದ, ಲೆಕ್ಕಕ್ಕೂ ಇದ್ದ. ಚಾಪೆಗೆ ಮಾತ್ರ ಇರಲಿಲ್ಲ.

ಎಂಟೂವರೆಗೆ ಮತ್ತೊಮ್ಮೆ ಭೋಂಗಾ ಒತ್ತಿ, ಮನೆಗೆ ಹೋಗಿ ಫೋನು ನೋಡಿದರೆ ‘ಭಾಗ್ಯ ಅವ್ವ’ ಕರೆದ ಗುರುತು ಇರುತ್ತಿತ್ತು. ಮೇಲೆ ಮೇಲೆ ಕರೆದಿರುತ್ತಿದ್ದಳು. ಆಗ ಇವನು ತಿರುಗಿ ಕರೆದರೆ ಅತ್ತಲಿಂದ ಉತ್ತರವಿಲ್ಲ. ಅದು ಅವಳು ರೊಟ್ಟಿ ಬಡಿದು ಮನೆಮಂದಿಗೆ ಬಡಿಸುವ ಹೊತ್ತು. ಕಾರಣವನ್ನು ಬರೆದು ಕಳಿಸೋಣವೆಂದು ಒಂದೆರಡು ಸಲ ಬೆರಳು ಆಡಿಸಿ ಅಳಿಸಿದ. ಬಾಯಲ್ಲಿ ಹೇಳಬೇಕಾದ್ದನ್ನು ಫೋನಿನಲ್ಲಿ ಬರೆದದ್ದೇ ಮೊದಲ ತಪ್ಪು. ಅದನ್ನು ತಿದ್ದಲು ಅದನ್ನೇ ಮತ್ತೊಮ್ಮೆ ಮಾಡುವುದು ಹೇಗೆ?

ಒಂದು ಸಂಜೆ ತಡೆಯಲಾಗಲಿಲ್ಲ. ಭೋಂಗಾ ಒತ್ತಿದವನು ಓಣಿಗೆ ಬರದೆ ಹಿಟ್ಟು ಬೀಳುವ ಡಬ್ಬಿಯ ಹಿಂದೆ ಚೀಲಗಳ ನಡುವೆ ಕುಕ್ಕರಗಾಲಲ್ಲಿ ಕೂತು ಆಟ ತೆರೆದ. ಕೆಂಪು ಕಾಯಿ ಬಂತು. ಎರಡು ಸುತ್ತು ಆಡಿದ್ದನೋ ಇಲ್ಲವೋ, ಮರೆತ ಹಿಟ್ಟಿನ ಚೀಲ ಒಯ್ಯಲು ಗಾಳೆಮ್ಮ ಒಳಬಂದಳು. ಕತ್ತಲೆಯಲ್ಲಿ ಕೆಳಗಿನಿಂದ ಬೆಳಕು ಬಿದ್ದು ಹೊಳೆಯುವ ಬಿಳಿಯ ಮುಖ ಕಂಡು, ದೆವ್ವವೆಂದು ಚೀಲ ಬಿಟ್ಟಳು. ದೆವ್ವದ ಕೈಯಲ್ಲಿ ಮೊಬೈಲ್ ಕಂಡ ಮೇಲೆ ಧೈರ್ಯ ಬಂತು.

“ಬರ್ರೆಬೇ ಎಲ್ಲಾರೂ. ಬಂದ್ ಮಾಡಂತ ಒತ್ತಾಂವನ ಒಳಗ ಕುಂತು ಒತ್ತಾಕತ್ಯಾನ.”

ಓಣಿ ಸೇರಿತು. “ಯಾರಾಕಿಲೇ ಅಕಿ?” ಎಂದ ದಸ್ತಗೀರ್‌ಸಾಬ್, ಪರದೆಯತ್ತ ಕತ್ತು ಚಾಚಿ, ಹಿಟ್ಟು ಮೆತ್ತಿದ ಹೆಸರು ಓದಲಾಗದೆ.

“ಲಿಂಗಸುಗೂರಾಕಿ,” ಎಂದಿತು ಸಿದ್ದಲಿಂಗೇಶನ ಬಾಯಿ, ಅವನನ್ನು ಕೇಳದೆ.

ಅಷ್ಟು ಸಾಕಾಯಿತು. ಸಿದ್ದಲಿಂಗೇಶನಿಗೆ ಲಿಂಗಸುಗೂರಿನಲ್ಲಿ ಒಬ್ಬಾಕಿ ಇದ್ದಾಳೆ ಎಂಬ ಸುದ್ದಿಯನ್ನು ಓಣಿಯವರು ಮಿರ್ಚಿಯ ಜೊತೆ ನಂಜಿಕೊಂಡರು; ದಂಡದ ಒಗ್ಗರಣೆ ಇಷ್ಟು ರುಚಿಯಾಗಿ ಹಿಂದೆಂದೂ ಆಗಿರಲಿಲ್ಲ. ಉಮಾದೇವಿ ಟೀಚರ್ ಕೂಡ, “ಆಗ್ಲಿ ಬಿಡ್ರಿ, ತಡ ಆದ್ರೂ ಒಳ್ಳೇದಾತು,” ಎಂದು ಹಾರೈಸಿದರು. ಒಬ್ಬಾಕಿ ಇರುವುದೇನೋ ನಿಜ. ತಂಗಿ ಎಂದು ಹೇಳಿ ನಗೆ ನಿಲ್ಲಿಸುವುದಕ್ಕಿಂತ ಹೇಳದೆ ನಗಿಸಿಕೊಳ್ಳುವುದೇ ಸುಲಭವಾಗಿತ್ತು. ನಡುವೆ ಬಿಟ್ಟ ಆಟದಲ್ಲಿ ಅವನ ಪಾಳಿ ಕಾದು ಕಾದು, ಹಳದಿ ಸೋತಿತೆಂದು ಫೋನೇ ತೀರ್ಪು ಕೊಟ್ಟಿತ್ತು.

ಮರುದಿನ ಎಂಟೂವರೆಗೆ ನೋಡಿದರೆ ಕರೆಯಿಲ್ಲ. ಅದರ ಮರುದಿನವೂ ಇಲ್ಲ. ಆ ವಾರವೆಲ್ಲ ಇಲ್ಲ.

ದಸ್ತಗೀರ್‌ಸಾಬನ ಹೋಟೆಲಿನಲ್ಲಿ ಚಹಾ ಆರುತ್ತಿದ್ದರೂ ಕುಡಿಯದೆ ಕೂತ ಸಿದ್ದಲಿಂಗೇಶ ಕೊನೆಗೆ ಅವನೊಬ್ಬನಿಗೆ ನಿಜ ಹೇಳಿದ. ದಸ್ತಗೀರ್‌ಸಾಬ್ ಮೊದಲು ನಿರಾಶನಾದ, ಆಮೇಲೆ ಆರಿದ ಚಹಾ ಚೆಲ್ಲಿ ಬಿಸಿಯದು ತಂದಿಟ್ಟ.

“ಅಕಿ ಏನಂತ ತಿಳ್ಕೊಂಡಾಳೋ ಏನೋ,” ಎಂದ ಸಿದ್ದಲಿಂಗೇಶ. “ಪಂಚಮಿಗೂ ಬರಲಿಲ್ಲ, ಈಗ ಆಟಕ್ಕೂ ಬರವಲ್ಲ, ಅಣ್ಣ ಪೂರ್ತಿ ಕೈ ಬಿಟ್ಟ ಅಂತ ತಿಳ್ಕೊಂಡಿರ್ತಾಳ.”

“ಮತ್ತ ಹೋಗಿ ಹೇಳಿ ಬಾ.”

“ಏನಂತ ಹೇಳ್ಲಿ?”

“ಲೂಡೋ ಆಡಾಕ ಆಗಂಗಿಲ್ಲ ಅಂತ ಹೇಳು.”

“ಅದನ್ನ ಹೇಳಾಕ ಎರಡು ಬಸ್ ಹತ್ತಿ ಹೋಗ್ಬೇಕೇನೋ?”

“ಅರೆ, ಮಾತು ಹ್ಯಾಂಗರ ಶುರು ಆಗ್ಬೇಕಲ್ಲೋ. ಭೋಂಗಾ ನಾ ಒತ್ತತೀನಿ, ನೀ ನಡಿ. ನಿಮ್ಮವ್ವ ಇದ್ದಿದ್ರ ಇಷ್ಟೊತ್ತಿಗೆ ಬೆನ್ನಿಗೆ ಬಾರಿಸಿ ಕಳಿಸ್ತಿದ್ಲು.”

ಮರುದಿನ ಮಧ್ಯಾಹ್ನ ಗಿರಣಿ ಬೇಗ ಮುಚ್ಚಿ, ಹಗಲಿನಲ್ಲೇ ಮೈ ತೊಳೆದು, ಒಗೆದ ಅಂಗಿ ತೊಟ್ಟು ಹೊರಟವನನ್ನು ಓಣಿ ಬಾಗಿಲಿಗೆ ಬಂದು ನೋಡಿತು. ತಲೆ ನೆರೆತದ್ದು ಅವತ್ತು ಎಲ್ಲರಿಗೂ ಕಂಡಿತು. “ತಲಿಗೆ ಒಂಚೂರು ಎಣ್ಣಿ ಹಚ್ಕೋ ತಮ್ಮಾ,” ಎಂದಳು ಗಾಳೆಮ್ಮ, ಮರುಕದಿಂದ. ಮಸ್ಕಿಯಲ್ಲಿ ಬಸ್ಸು ಬದಲಿಸುವಾಗ ಬಾಳೆಹಣ್ಣು ಕೊಂಡ. ಲಿಂಗಸುಗೂರಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಹೇಳಬೇಕಾದ್ದನ್ನು ಕಲಿತ. ಊರು ಬರುವಷ್ಟರಲ್ಲಿ ಮರೆತ.

ದೀಪ ಹಚ್ಚುವ ಹೊತ್ತು. ತಂಗಿಯ ಮನೆಯ ತಲೆಬಾಗಿಲು ಪೂರ್ತಿ ತೆರೆದಿತ್ತು. ಎದುರುಮನೆಯ ಮುಂದೆ ನಿಲ್ಲಿಸಿದ್ದ ಟ್ರ್ಯಾಕ್ಟರಿನ ಹತ್ತಿರ ಸಿದ್ದಲಿಂಗೇಶನ ಕಾಲು ತಾನಾಗಿ ನಿಂತಿತು. ಒಳಗೆ ದೊಡ್ಡಬಸಪ್ಪ ಟೀವಿಯಲ್ಲಿ ಮುಳುಗಿದ್ದ. ಭಾಗ್ಯಶ್ರೀ ಕಿವಿಗೆ ವೈರು ಸಿಕ್ಕಿಸಿಕೊಂಡು ಪುಸ್ತಕ ತೊಡೆಯ ಮೇಲಿಟ್ಟು ಫೋನು ನೋಡುತ್ತಿದ್ದಳು. ಅತ್ತೆ ಇನ್ನೊಂದು ಫೋನಿನಲ್ಲಿ ಯಾರದೋ ಪ್ರವಚನ ಹಚ್ಚಿಕೊಂಡು ತೂಕಡಿಸುತ್ತಿದ್ದಳು. ಅವರೆಲ್ಲರಿಗೂ ಬೆನ್ನು ಮಾಡಿ, ಬಾಗಿಲ ಪಕ್ಕದಲ್ಲಿ, ಮಡಿಲಲ್ಲಿ ಬೆಳ್ಳುಳ್ಳಿಯ ಮೊರ ಇಟ್ಟುಕೊಂಡು ಶಿವಕುಮಾರಿ ಕೂತಿದ್ದಳು. ಅಷ್ಟು ಮಂದಿಯ ನಡುವೆ ಅವಳೊಡನೆ ಮಾತಾಡುತ್ತಿದ್ದುದು ಕುಕ್ಕರೊಂದೇ.

ಮೆಟ್ಟಿಲು ಹತ್ತುವುದು ಬಿಟ್ಟು ತಾನು ಯಾಕೆ ಹಾಗೆ ಮಾಡಿದೆ ಎಂದು ಅವನಿಗೂ ಆಮೇಲೆ ತಿಳಿಯಲಿಲ್ಲ. ಕಿಸೆಯಿಂದ ಫೋನು ತೆಗೆದು, ಅವಳನ್ನು ಆಟಕ್ಕೆ ಕರೆದ.

ನೆಲದ ಮೇಲಿದ್ದ ಅವಳ ಫೋನು ಬೆಳಗಿತು. ನೋಡಿದಳು. ಬೋರಲು ಹಾಕಿ ಬೆಳ್ಳುಳ್ಳಿ ಬಿಡಿಸಿದಳು. ಮತ್ತೆ ಎತ್ತಿ ನೋಡಿದಳು; ಮತ್ತೆ ಬೋರಲು. ಸಿದ್ದಲಿಂಗೇಶ ಇನ್ನೊಮ್ಮೆ ಕರೆದ. ಈ ಸಲ ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡು ಒತ್ತಿದಳು.

ಆಟ ನಡೆಯಿತು. ಇಷ್ಟು ದಿನ ಕಾಯಿಗಳಲ್ಲಿ ಓದಿದ್ದ ಮುಖವನ್ನು ಅವನು ಈಗ ಕಣ್ಣಾರೆ ನೋಡುತ್ತಿದ್ದ; ಓದಿದ್ದೆಲ್ಲ ತಪ್ಪಾಗಿತ್ತು. ಅವಳು ಪಟಪಟ ಆಡಿದ್ದು ಸಿಟ್ಟಿಗಲ್ಲ, ಕುಕ್ಕರು ಇನ್ನೇನು ಕೂಗುತ್ತದೆಂದು. ಬಹಳ ಹೊತ್ತು ಸುಮ್ಮನಾದದ್ದು ಸೊಕ್ಕಿಗಲ್ಲ; ಅತ್ತೆ ಗುಳಿಗೆ ಕೇಳಿದಳು, ಎದ್ದು ನೀರು ಕೊಟ್ಟು ಬಂದಳು. ಬಂದು ಕೂತು ನೋಡಿದರೆ ಅವಳ ಕೆಂಪು ಕಾಯಿಯ ಮುಂದೆ ಹಳದಿ ಕಾಯಿ ಒಂಟಿಯಾಗಿ ನಿಂತಿತ್ತು. ಬೇಕಾದ ಎಣಿಕೆಯೇ ಬಿದ್ದಿತ್ತು. ಅವಳ ಬೆರಳು ಬಂತು, ಮೇಲೆ ತೂಗಿತು, ಆಮೇಲೆ ಪಕ್ಕಕ್ಕೆ ಸರಿದು ಬೇರೆ ಕಾಯಿ ನಡೆಸಿತು. ಮುಖದಲ್ಲಿ ಏನೂ ಇರಲಿಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸುವವಳ ಮುಖ. ಬಿಟ್ಟದ್ದಂತೂ ಬಿಟ್ಟಳು. ಸಿದ್ದಲಿಂಗೇಶನಿಗೆ ಪರದೆ ಮಂಜಾಯಿತು.

“ಯಾರ್ರೀ ನೀವು?” ಎಂಬ ದನಿ ಬೆನ್ನ ಹಿಂದಿನಿಂದ ಬಂತು. ಎದುರುಮನೆಯ ಹೆಂಗಸು ಕೈಯಲ್ಲಿ ಕಸಬರಿಗೆ ಹಿಡಿದು ನಿಂತಿದ್ದಳು. “ಆಗಿಂದ ನೋಡಾಕತ್ತೀನಿ. ನಮ್ಮ ಟ್ರ್ಯಾಕ್ಟರಿಗೆ ಒರಗಿ ಅವರ ಮನಿ ಹೆಣ್ಮಗಳನ್ನ ನೋಡಾಕತ್ತೀರಿ.”

“ಅಣ್ಣ ರೀ.”

“ಯಾರ ಅಣ್ಣ?”

ಯಾರ ಅಣ್ಣ ಎಂದು ಹೇಳುವ ಹಕ್ಕು ಉಳಿದಿದೆಯೋ ಇಲ್ಲವೋ ಎಂದು ಸಿದ್ದಲಿಂಗೇಶ ಯೋಚಿಸಿದ. ಅಷ್ಟರಲ್ಲಿ ಶಿವಕುಮಾರಿ ಮೊರ ಇಟ್ಟು ಹೊಸ್ತಿಲಿಗೆ ಬಂದಳು. ನೋಡಿದಳು. ಇವನ ಕೈಯಲ್ಲಿನ ಫೋನು ನೋಡಿದಳು, ತನ್ನ ಫೋನು ನೋಡಿದಳು.

“ನಮ್ಮಣ್ಣ ರೀ ಅಕ್ಕ,” ಎಂದಳು ಎದುರುಮನೆಯವಳಿಗೆ. ಶ್ರಾವಣದ ನಂತರ ಅವಳ ಬಾಯಿಂದ ಅವನು ಕೇಳಿದ ಮೊದಲ ಮಾತು. ಅದೂ ಅವನಿಗೆ ಹೇಳಿದ್ದಲ್ಲ.

ಎದುರುಮನೆಯವಳು ಕಸಬರಿಗೆ ತಗ್ಗಿಸಿ ಒಳಹೋದಳು. ಅಣ್ಣತಂಗಿ ಹೊರಗಿನ ಕಟ್ಟೆಯ ಮೇಲೆ, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತರು.

“ಇಲ್ಲಿ ನಿಂತು ಆಡಾಕತ್ತಿದ್ದೇನು?”

“ಹೂಂ.”

“ಒಳಗ ಬರಾಕ ಏನಾಗಿತ್ತು?”

“ಏಳರಿಂದ ಎಂಟೂವರಿ ತನಕ ನಮ್ಮ ಓಣ್ಯಾಗ ಮೊಬೈಲ್ ಬಂದ್ ಮಾಡ್ಯಾರ,” ಎಂದ ಸಿದ್ದಲಿಂಗೇಶ. ಬಸ್ಸಿನಲ್ಲಿ ಕಲಿತದ್ದರಲ್ಲಿ ಅದೊಂದೇ ನೆನಪಿತ್ತು. “ಭೋಂಗಾ ನಾನ ಒತ್ತಬೇಕು. ಅದಕ್ಕ ಆಟಕ್ಕ ಬರಾಕ ಆಗಲಿಲ್ಲ. ಒಂದಿನ ಚೀಲದ ಹಿಂದ ಅಡಗಿ ಆಡಾಕ ಹೋಗಿ ಸಿಕ್ಕಿಬಿದ್ದೆ. ನೀ ಬ್ಯಾರೆ ತಿಳ್ಕೊಂಡೀದಿ ಅಂತ ಹೇಳಾಕ ಬಂದೆ.”

“ಆಟಕ್ಕ ಬರಲಿಲ್ಲ ಅಂತ ಹೇಳಾಕ ಇಲ್ಲಿ ತನಕ ಬಂದಿ.” ಶಿವಕುಮಾರಿ ಬೀದಿಯ ಕಡೆ ನೋಡಿದಳು. “ಪಂಚಮಿಗೆ ಬಾ ಅನ್ನಾಕ ಬರಲಿಲ್ಲ.”

“ಮನ್ಯಾಗ ಯಾರಿಲ್ಲಬೇ ಶಿವಿ. ಬಂದ್ರ ನೀನ ಮಾಡ್ಕೊಂಡು ಉಣ್ಣಬೇಕಾಗಿತ್ತು.”

“ಮಾಡ್ಕೊಂಡು ಉಣ್ತಿದ್ದೆ. ಇಲ್ಲಿ ಯಾರು ಮಾಡಿ ಹಾಕ್ತಾರ ನನಗ?” ಅವಳ ದನಿ ಏರಲಿಲ್ಲ. “ಅವತ್ತು ಹೊಸಾ ಸೀರಿ ಉಟ್ಕೊಂಡು ಚೀಲ ತುಂಬಿಟ್ಟು ಕುಂತಿದ್ದೆ. ಅಣ್ಣ ಬರ್ತಾನ ಅಂತ ಅತ್ತಿ ಮುಂದ ಹೇಳಿದ್ದೆ. ಭಾಗ್ಯಾ ಬಂದು, ‘ಅವ್ವ, ಮಾಮಾ ಕರದಾನ ನೋಡು,’ ಅಂತ ಫೋನ್ ತೋರಿಸಿದ್ಲು. ಅತ್ತಿ ನಕ್ಕಳು. ಬಯ್ದಿದ್ರ ತಡ್ಕೋತಿದ್ದೆ.”

ಸಿದ್ದಲಿಂಗೇಶ ಬಾಳೆಹಣ್ಣಿನ ಚೀಲವನ್ನು ನಡುವಿನ ಖಾಲಿ ಜಾಗದಲ್ಲಿಟ್ಟ.

ಚೀಲವನ್ನು ತನ್ನ ಕಡೆ ಎಳೆದುಕೊಂಡು, “ಓಣ್ಯಾಗ ಏನ್ ಮಾಡ್ತೀರಿ ಅಷ್ಟೊತ್ತು?” ಎಂದಳು.

“ಚಾಪಿ ಹಾಸ್ತಾರ. ಚೌಕಾಬಾರ ಆಡ್ತಾರ. ಜಮೀಲಾಬೀ ಒಗಟ ಹೇಳ್ತಾಳ.”

“ನೀ ಯಾರ ಚಾಪ್ಯಾಗ ಕುಂಡ್ರತಿ?”

“ಕರದವರ ಚಾಪ್ಯಾಗ.”

ಶಿವಕುಮಾರಿ ಅಣ್ಣನ ತಲೆಯನ್ನು ನೋಡಿದಳು. “ಎಷ್ಟು ನರತೀಯಲ್ಲೋ,” ಎಂದಳು. ಆಮೇಲೆ ಎದ್ದು, “ಒಳಗ ಬಾ. ಅತ್ತಿ ಮುಂದ ಕುಂತು ನೀರು ಕುಡಿ. ಏನೂ ಕೇಳಬ್ಯಾಡ, ಸುಮ್ಮನ ಕುಡಿ. ಅಣ್ಣ ಬಂದಿದ್ದ ಅಂತ ಅವರಿಗೆ ಕಾಣ್ಲಿ,” ಎಂದಳು.

ದೊಡ್ಡಬಸಪ್ಪ, “ಬರ್ರಿ ಬರ್ರಿ,” ಎಂದು ಟೀವಿಯ ದನಿ ತಗ್ಗಿಸಿದ. ಚಿತ್ರ ಓಡುತ್ತಲೇ ಇತ್ತು. ಅತ್ತೆ ಊರಿನ ಸುದ್ದಿ ಕೇಳಿದಳು. ಸಿದ್ದಲಿಂಗೇಶ ನೀರು ಕುಡಿದ, ಎರಡು ರೊಟ್ಟಿ ತಿಂದ. ಕೊನೆಯ ಬಸ್ಸಿಗೆ ತಡವಾಗುತ್ತದೆಂದು ಎದ್ದಾಗ ಶಿವಕುಮಾರಿ ಬೀದಿಯ ತಿರುವಿನವರೆಗೆ ಬಂದಳು.

“ಎಂಟೂವರಿ ಮ್ಯಾಲ ನನಗ ಆಡಾಕ ಆಗಂಗಿಲ್ಲ. ನೋಡಿದೆಲ್ಲ.”

“ನೋಡಿದೆ.”

“ಏಳಕ್ಕ ನಿನಗ ಆಗಂಗಿಲ್ಲ.”

“ಭೋಂಗಾ ಬ್ಯಾರೆಯವರು ಒತ್ತಲಿ ಅಂತ ಹೇಳ್ತೀನಿ.”

“ಬ್ಯಾಡ. ಕಳ್ಳರಂಗ ಚೀಲದ ಹಿಂದ ಕುಂತು ಆಡಬ್ಯಾಡ. ಓಣ್ಯಾಗ ಮಂದಿ ಜೊತಿ ಕುಂಡ್ರು.” ಬಸ್ಸಿನ ದೀಪ ಕಂಡಿತು. “ಪಂಚಮಿಗೆ ಬಂದು ಕರಿ. ಬರ್ತೀನೋ ಇಲ್ಲೋ, ಆವಾಗ ಹೇಳ್ತೀನಿ.”

ಬಸ್ಸಿನಲ್ಲಿ ಕೂತು ಫೋನು ತೆರೆದಾಗ ನಿಂತುಹೋದ ಆಟ ಹಾಗೇ ಇತ್ತು. ಇಬ್ಬರೂ ಬಿಟ್ಟಿದ್ದರಿಂದ ಯಾರೂ ಗೆದ್ದಿರಲಿಲ್ಲ. ಸಿದ್ದಲಿಂಗೇಶ ಲೂಡೋವನ್ನೇ ಫೋನಿನಿಂದ ತೆಗೆದುಹಾಕಿದ.

ಮರುಸಂಜೆ ಭೋಂಗಾ ಒತ್ತಿ ಹೊರಬಂದವನ ಕಂಕುಳಲ್ಲಿ ತಾಯಿಯ ಕಾಲದ ಈಚಲು ಚಾಪೆಯಿತ್ತು. ಲಿಂಗಸುಗೂರಿನ ಸುದ್ದಿ ಕೇಳಲು ಓಣಿ ಬಾಯಿ ತೆರೆದು ಕಾದಿತ್ತು. ಅವನು ಗಿರಣಿಯ ಮುಂದೆ ಚಾಪೆ ಹಾಸಿದ, ಅದರ ಮುಂದಿನ ಬಂಡೆಯ ಮೇಲೆ ಸುಣ್ಣದಕಡ್ಡಿಯಿಂದ ಚೌಕಾಬಾರದ ಮನೆ ಬರೆದ, ತನ್ನ ಕಡೆ ಜೋಳದ ಕಾಳು, ಎದುರಿನ ಕಡೆ ತೊಗರಿ ಕಾಳು ಇಟ್ಟ. ಕಾಳಿಗೇನೂ ಅವನಿಗೆ ಬರವಿರಲಿಲ್ಲ. ಕೂತು, ಕವಡೆ ಕೈಗೆ ತೆಗೆದುಕೊಂಡ.

ಗಾಳೆಮ್ಮ ಬಂದು ನಿಂತಳು. “ಇದುರಿಗೆ ಯಾರು ತಮ್ಮಾ?”

“ತಂಗಿ.”

“ತಂಗೀನ? ಲಿಂಗಸುಗೂರಾಕಿ ಅಂದ್ರ ಶಿವೀನ?” ಗಾಳೆಮ್ಮನಿಗೆ ಸುದ್ದಿ ಜೀರ್ಣವಾಗಲು ಸ್ವಲ್ಪ ಹೊತ್ತು ಹಿಡಿಯಿತು. “ಬರ್ತಾಳೇನು?”

“ಪಂಚಮಿಗೆ ಕರೀಬೇಕು.”

“ಪಂಚಮಿ ಎಲ್ಲೈತೋ? ಇದಿನ್ನೂ ಮಾಘಮಾಸ.”

“ಗೊತ್ತೈತಿ,” ಎಂದ ಸಿದ್ದಲಿಂಗೇಶ.

ಪಕ್ಕದ ಚಾಪೆಯವರು ಒಂದು ಕೈ ಕಡಿಮೆಯಿದೆಯೆಂದು ಕರೆದರು. ಅವನು ಏಳಲಿಲ್ಲ. ಕವಡೆ ಬಿಟ್ಟು ತನ್ನ ಕಾಳು ನಡೆಸಿದ. ಆಮೇಲೆ ಮತ್ತೆ ಕವಡೆ ಬಿಟ್ಟು, ಕೈ ಚಾಚಿ ಅವಳದನ್ನೂ ನಡೆಸಿದ. ಅವಳ ಕಾಳು ಅವನ ಕಾಳನ್ನು ಹೊಡೆಯಿತು.